ಬತ್ತಿದ ಹಳ್ಳವೂ ಹೊಳೆಯೇ: ಪೈಪು ಕಂಡ ನಮಗೆ ಮಳೆ ಕಾಣಲು ಹಿಡಿದ ನಲವತ್ತು ವರ್ಷ

ಎರಡು ವರ್ಷದ ಹಿಂದಿನ ಮಾತು. ಮೇ ತಿಂಗಳ ಕೊನೆಯ ವಾರ, ರಾತ್ರಿಯೆಲ್ಲ ಜೋರು ಮಳೆ. ಬೆಳಿಗ್ಗೆ ಆರೂವರೆಗೆ ಫೋನು ಬಂತು. ಹಳೆಯ ಸುದ್ದಿಯೊಂದರ ಸಲುವಾಗಿ ಪರಿಚಯವಾಗಿದ್ದ ರೈತ ಅಜ್ಜ.

‘ತಮ್ಮಾ, ಲಗೂ ಬಾ. ಹಳ್ಳದಾಗ ಸಿಮೆಂಟ್ ನೀರು ಹರಿಯಾಕತ್ತೈತಿ. ಎತ್ತು ಮೂಸಿ ನೋಡಿ ಹಿಂದ ಸರದ್ವು.’

ಆವತ್ತು ತಾಲ್ಲೂಕು ಪಂಚಾಯ್ತಿ ಸಭೆ ಇತ್ತು. ಅದನ್ನು ಮುಗಿಸಿ ನಾನು ಹಳ್ಳ ಮುಟ್ಟುವಾಗ ಮಧ್ಯಾಹ್ನ ಹನ್ನೆರಡು. ಹಳ್ಳದಲ್ಲಿ ನೀರಿರಲಿಲ್ಲ. ತಳದಲ್ಲಿ ಬೂದು ಬಣ್ಣದ ಕೆಸರು ಹೊಪ್ಪಳೆ ಕಟ್ಟಿ ಬಿಸಿಲಿಗೆ ಸೀಳಲು ಶುರುವಾಗಿತ್ತು. ಮೇಲ್ಭಾಗದಲ್ಲಿ ಒಂದು ಕಾರ್ಖಾನೆಯ ಶೆಡ್ ಏಳುತ್ತಿತ್ತು. ಹತ್ತಾರು ಎಕರೆ ನೆಲ ಬಗೆದು ಹಾಕಿದ್ದರು. ಮಣ್ಣಿನ ಗುಡ್ಡೆ, ಎಂ-ಸ್ಯಾಂಡ್ ಗುಡ್ಡೆ, ಮಿಲ್ಲರ್ ತೊಳೆದ ಜಾಗ ಎಲ್ಲವೂ ಹಳ್ಳದ ಕಡೆಗೇ ಇಳಿಜಾರು.

ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಂದ ಬಂದ ಉತ್ತರ ಇನ್ನೂ ನೆನಪಿದೆ: ‘ನೀರೇ ಇಲ್ಲ ಅಂದಮೇಲೆ ಸ್ಯಾಂಪಲ್ ಎಲ್ಲಿಂದ ತಗೊಳ್ಳೋಣ್ರಿ? ಅದೇನು ನದೀನಾ? ಮಳೆ ಬಂದಾಗ ಹರಿಯೋ ಹಳ್ಳ.’

ನನ್ನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಮರುದಿನ ಒಳಪುಟದಲ್ಲಿ ಆರು ಸಾಲಿನ ಸುದ್ದಿ ಬಂತು. ಅಜ್ಜ ಅದನ್ನು ಮೊಮ್ಮಗಳ ಕೈಲಿ ಓದಿಸಿಕೊಂಡು, ‘ಇಷ್ಟ ಏನು?’ ಅಂದ. ಆ ‘ಇಷ್ಟ ಏನು’ ನನ್ನನ್ನು ಕಾನೂನಿನ ಪುಸ್ತಕಕ್ಕೂ, ಅಲ್ಲಿಂದ ನಮ್ಮದೇ ತುಂಗಭದ್ರೆಯ ಕಣಿವೆಯ ಇತಿಹಾಸಕ್ಕೂ ಕರೆದುಕೊಂಡು ಹೋಯಿತು. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ

ನೀರು ರಾಜ್ಯಗಳ ವಿಷಯ. ಅದರ ಮೇಲೆ ಸಂಸತ್ತು ತಾನಾಗಿ ಕಾನೂನು ಮಾಡುವಂತಿಲ್ಲ. ಹಾಗಾಗಿ ಸಂವಿಧಾನದ 252ನೇ ವಿಧಿಯಂತೆ ಕೆಲವು ರಾಜ್ಯಗಳ ವಿಧಾನಮಂಡಲಗಳು ‘ನೀವೇ ಮಾಡಿಕೊಡಿ’ ಎಂದು ನಿರ್ಣಯ ಮಾಡಿದವು. ಹಾಗೆ ಕೇಳಿದ ಮೊದಲ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1974ರ ಮಾರ್ಚ್‌ನಲ್ಲಿ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆ ಬಂತು. ಅದೇ ವರ್ಷ ಸೆಪ್ಟೆಂಬರ್ 21ರಂದು ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

ಈ ಕಾಯ್ದೆಯ ಎರಡನೇ ಕಲಮಿನಲ್ಲಿ ಪದಗಳ ಅರ್ಥ ಕೊಟ್ಟಿದ್ದಾರೆ. ಯಾವುದನ್ನು ಹೊಳೆ ಅನ್ನಬೇಕು ಎಂಬ ಪಟ್ಟಿ ಅಲ್ಲಿದೆ. ನದಿ, ಒಳನಾಡಿನ ನೀರು, ನೆಲದಡಿಯ ನೀರು, ಸಮುದ್ರದ ನೀರು ಎಲ್ಲ ಬರುತ್ತವೆ. ನಡುವೆ ನೀರು ಹರಿಯುವ ದಾರಿಯೂ ಸೇರಿದೆ. ಆ ದಾರಿಯಲ್ಲಿ ಸದ್ಯ ನೀರು ಹರಿಯುತ್ತಿರಲಿ ಅಥವಾ ಸದ್ಯಕ್ಕೆ ಒಣಗಿರಲಿ, ಎರಡೂ ಒಂದೇ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಅಂದರೆ ಅಜ್ಜನ ಹಳ್ಳ 1974ರಿಂದಲೇ ಕಾನೂನಿನ ಪ್ರಕಾರ ಹೊಳೆ. ‘ಅದೇನು ನದೀನಾ’ ಎಂಬ ಪ್ರಶ್ನೆಗೆ ಉತ್ತರ ನಾನು ಹುಟ್ಟುವ ಮೊದಲೇ ಅಚ್ಚಾಗಿತ್ತು.

24ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ತಿಳಿದೂ ತಿಳಿದೂ ಹೊಳೆಗೆ, ಬಾವಿಗೆ, ಚರಂಡಿಗೆ ಅಥವಾ ನೆಲದ ಮೇಲೆ ವಿಷಕಾರಿ, ಕಲುಷಿತ ವಸ್ತು ಬಿಡಬಾರದು. ಬಿಡಲು ಅವಕಾಶವನ್ನೂ ಕೊಡಬಾರದು. ಹರಿವಿಗೆ ಅಡ್ಡಿಯಾಗಿ ಮಾಲಿನ್ಯ ಹೆಚ್ಚಿಸುವ ಇತರ ವಸ್ತುಗಳನ್ನೂ ಬಿಡುವಂತಿಲ್ಲ. 1988ರ ತಿದ್ದುಪಡಿಯ ನಂತರ ತ್ಯಾಜ್ಯದ ವ್ಯಾಖ್ಯೆಯೂ ಹಿಗ್ಗಿತು. ಉದ್ಯಮವಷ್ಟೇ ಅಲ್ಲ, ಯಾವುದೇ ‘ಕಾರ್ಯಾಚರಣೆ ಅಥವಾ ಪ್ರಕ್ರಿಯೆ’ ನಡೆಯುವ ಆವರಣದಿಂದ ಹೊರಬೀಳುವ ದ್ರವ, ಘನ, ಅನಿಲ ಎಲ್ಲವೂ ಅದರೊಳಗೆ ಬಂದವು.

ಇಷ್ಟೆಲ್ಲ ಬರೆದಿದ್ದರೂ ಹಳ್ಳದ ನೀರು ಯಾಕೆ ಯಾರ ಲೆಕ್ಕಕ್ಕೂ ಬರಲಿಲ್ಲ? ನನಗನ್ನಿಸುವ ಕಾರಣ ಇದು. ಕಾನೂನನ್ನು ಬರೆದವರ ಕಣ್ಣಲ್ಲಿ ಇದ್ದದ್ದು ಪೈಪು. ಅದನ್ನು ಜಾರಿ ಮಾಡಿದವರೂ ಪೈಪನ್ನೇ ಹುಡುಕಿದರು. ಹೋರಾಟ ಮಾಡಿದ ಜನರೂ ಮೊದಲು ತೋರಿಸಿದ್ದು ಪೈಪನ್ನೇ. ಅದಕ್ಕೆ ನಮ್ಮ ಹೊಳೆಯ ದಂಡೆಯಲ್ಲೇ ಉದಾಹರಣೆ ಇದೆ.

ಮೊದಲ ಪಾಠ: ಕುಮಾರಪಟ್ಟಣದ ಪೈಪು

ಹರಿಹರದ ಎದುರು ದಂಡೆಯ ಕುಮಾರಪಟ್ಟಣ ಈಗ ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಆಗ ಅದು ಧಾರವಾಡ ಜಿಲ್ಲೆ. 1970ರ ದಶಕದ ಆರಂಭದಲ್ಲಿ ಅಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂತು. ನೀಲಗಿರಿ ಮರದಿಂದ ತಿರುಳು ತೆಗೆದು ರೇಯಾನ್ ನೂಲಿಗೆ ಒದಗಿಸುವ ಕೆಲಸ. ನೀರು ತುಂಗಭದ್ರೆಯದ್ದು, ತ್ಯಾಜ್ಯ ಹೋಗುವುದೂ ತುಂಗಭದ್ರೆಗೆ.

ಮರದಿಂದ ತಿರುಳು ತೆಗೆಯುವಾಗ ನಾರನ್ನು ಹಿಡಿದಿಟ್ಟುಕೊಂಡಿರುವ ಲಿಗ್ನಿನ್ ಎಂಬ ಅಂಟನ್ನು ಬೇಯಿಸಿ ಬಿಡಿಸಬೇಕು. ಬಿಟ್ಟ ಲಿಗ್ನಿನ್ ನೀರಿಗೆ ಕಡುಗಂದು ಬಣ್ಣ ಕೊಡುತ್ತದೆ. ಅದು ಬೇಗ ಕೊಳೆಯುವುದಿಲ್ಲ, ಬಣ್ಣ ಮೈಲುಗಟ್ಟಲೆ ಹೋಗುತ್ತದೆ. ಅದರ ಜೊತೆಗಿರುವ ಉಳಿದ ಸಾವಯವ ಪದಾರ್ಥ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತಿಂದುಹಾಕುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಹರಿವು ಕಿರಿದಾದಾಗ ಮೀನು ಉಸಿರುಗಟ್ಟಿ ಸಾಯುತ್ತದೆ.

1980ರ ದಶಕದ ಆರಂಭದಲ್ಲಿ ಆದದ್ದು ಅದೇ. ಮೀನು ಸತ್ತು ತೇಲಿದವು, ದಂಡೆಯ ಹಳ್ಳಿಗಳ ಜನ ನೀರಿನ ಬಣ್ಣ, ವಾಸನೆ, ಮೈ ತುರಿಕೆಯ ದೂರು ಹೇಳಿದರು. ಮೀನು ಹಿಡಿದು ಬದುಕುವವರ ಹೊಟ್ಟೆಗೆ ಹೊಡೆತ ಬಿತ್ತು. ಎಸ್.ಆರ್. ಹಿರೇಮಠ ಅವರ ಮುಂದಾಳತ್ವದ ಸಮಾಜ ಪರಿವರ್ತನ ಸಮುದಾಯ 1984ರಲ್ಲಿ ಹುಟ್ಟಿ, ಆರಂಭದಲ್ಲೇ ಕೈಗೆತ್ತಿಕೊಂಡ ಪ್ರಶ್ನೆಗಳಲ್ಲಿ ಇದೂ ಒಂದು. ಮುಂದೆ ಇದೇ ಕಾರ್ಖಾನೆಯ ಇನ್ನೊಂದು ತುದಿಯ ವಿಷಯ, ಅಂದರೆ ಕಚ್ಚಾ ಮಾಲಿನ ಸಲುವಾಗಿ ಗೋಮಾಳದಲ್ಲಿ ನೀಲಗಿರಿ ಬೆಳೆಯುವ ಯೋಜನೆಯ ವಿರುದ್ಧ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಆ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಹೊಳೆಯ ಕಥೆ ಅಷ್ಟು ಗೊತ್ತಿಲ್ಲ.

ಈ ಹೋರಾಟ ಕಲಿಸಿದ ಪಾಠ ದೊಡ್ಡದು. ಪೈಪಿಗೆ ಒಂದು ಜಾಗ ಇದೆ. ಒಬ್ಬ ಮಾಲೀಕನಿದ್ದಾನೆ. ಅದು ವರ್ಷವಿಡೀ ಹರಿಯುತ್ತದೆ, ಅಧಿಕಾರಿ ಯಾವತ್ತು ಬಂದರೂ ಸಿಗುತ್ತದೆ. ಅಲ್ಲಿಂದ ನೀರು ತುಂಬಿಸಿಕೊಂಡರೆ ಇಂಥವರದ್ದೇ ಎಂದು ತೋರಿಸಬಹುದು. ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯದಲ್ಲಿ ಲೀಟರಿಗೆ ಬಿಒಡಿ 30 ಮಿಲಿಗ್ರಾಂ, ತೇಲುಕಣ 100 ಮಿಲಿಗ್ರಾಂ ಮೀರಬಾರದು ಎಂಬ ಸಾಮಾನ್ಯ ಮಾನದಂಡ ಕೂಡ ಇಂಥ ಪೈಪಿನ ಬಾಯಿಗೇ ಹೇಳಿ ಮಾಡಿಸಿದ್ದು.

ಆದರೆ ಪೈಪು ಕಾಯುವುದನ್ನು ಕಲಿತವರಿಗೆ ಪೈಪೇ ಇಲ್ಲದ ಮಾಲಿನ್ಯ ಎದುರಾದರೆ? ಅದು ಎದುರಾದದ್ದು ಇದೇ ಹೊಳೆಯ ಮೇಲ್ಭಾಗದಲ್ಲಿ, ಭದ್ರೆ ಹುಟ್ಟುವ ಬೆಟ್ಟದಲ್ಲಿ.

ಎರಡನೇ ಪಾಠ: ಕುದುರೆಮುಖದ ಮಳೆ

ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟಸಾಲು ಅದು. ಅಲ್ಲಿನ ಮ್ಯಾಗ್ನಟೈಟ್ ಅದಿರು ತೆಗೆಯಲು 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಸರ್ಕಾರಿ ಕಂಪನಿ. ಅದಿರು ಇರಾನಿಗೆ, ದುಡ್ಡೂ ಇರಾನಿನದ್ದು ಎಂಬ ಒಪ್ಪಂದ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಲೆಕ್ಕ ತಪ್ಪಿತು, ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಸಾರ ತೆಗೆಯುವ ಸಾಮರ್ಥ್ಯ. ಅದನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು.

ಅಲ್ಲಿಯ ಅದಿರಿನಲ್ಲಿ ಕಬ್ಬಿಣ ಕಡಿಮೆ, ಮೂರನೇ ಒಂದು ಭಾಗದ ಆಸುಪಾಸು. ಹಾಗಾಗಿ ಒಂದು ಟನ್ ಸಾರ ತೆಗೆದರೆ ಅದಕ್ಕಿಂತ ಹೆಚ್ಚು ನುಣ್ಣಗಿನ ತ್ಯಾಜ್ಯ ಉಳಿಯುತ್ತದೆ. ಇದು ಗಿರಣಿಯ ತ್ಯಾಜ್ಯ, ಎಲ್ಲಿಂದ ಬರುತ್ತದೆ ಎಂಬುದು ಗೊತ್ತು. ಇದನ್ನು ಹಿಡಿದಿಡಲು ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಕಟ್ಟಿದರು. ಪೈಪಿನ ಲೆಕ್ಕದಲ್ಲಿ ನೋಡಿದರೆ ವ್ಯವಸ್ಥೆ ಇತ್ತು.

ಆದರೆ ಗಣಿ ಎಂದರೆ ಗಿರಣಿ ಮಾತ್ರ ಅಲ್ಲ. ಬಗೆದ ಬೆಟ್ಟ ಇದೆ, ಲಾರಿ ಓಡಾಡುವ ಮಣ್ಣಿನ ರಸ್ತೆ ಇದೆ, ಮೇಲ್ಮಣ್ಣು ಸುರಿದ ಗುಡ್ಡೆ ಇದೆ. ಇವೆಲ್ಲ ಆಕಾಶಕ್ಕೆ ಬಾಯಿ ತೆರೆದುಕೊಂಡಿರುತ್ತವೆ. ಕುದುರೆಮುಖದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7,000 ಮಿಲಿಮೀಟರ್, ನಮ್ಮ ಬಯಲುಸೀಮೆಯ ಹತ್ತು ಪಟ್ಟು. ಒಂದು ಎಕರೆಯ ಮೇಲೆ ಅಷ್ಟು ಮಳೆ ಬಿದ್ದರೆ 2.8 ಕೋಟಿ ಲೀಟರ್ ಆಗುತ್ತದೆ. ಶೋಲಾ ಕಾಡು ಮತ್ತು ಹುಲ್ಲುಗಾವಲು ಇರುವಲ್ಲಿ ಆ ನೀರು ಬೇರಿನ ನಡುವೆ ಇಳಿದು ತಿಳಿಯಾಗಿ ಹಳ್ಳ ಸೇರುತ್ತದೆ. ಬಗೆದ ಬೆಟ್ಟದ ಮೇಲೆ ಬಿದ್ದದ್ದು ಬೆಟ್ಟವನ್ನೇ ಹೊತ್ತುಕೊಂಡು ಇಳಿಯುತ್ತದೆ.

ಭದ್ರೆ ಕೆಂಪಾಗಿ ಹರಿದಾಗ ‘ಮಳೆಗಾಲದಲ್ಲಿ ಹೊಳೆ ಕೆಂಪಾಗದೆ ಇನ್ನೇನು’ ಎನ್ನುವುದು ಸುಲಭ. ಹೊಸನೀರು ಎಂಬ ಮಾತೇ ನಮ್ಮಲ್ಲಿದೆಯಲ್ಲ. ಅದಕ್ಕೇ ಹೂಳನ್ನು ಅಳೆಯಬೇಕಾಯಿತು. ಗಣಿಯ ಕೆಳಗಿನ ನೀರು ಎಷ್ಟು ಮಣ್ಣು ಹೊತ್ತಿದೆ, ಗಣಿ ಇಲ್ಲದ ಕಣಿವೆಯ ನೀರು ಎಷ್ಟು ಹೊತ್ತಿದೆ ಎಂದು ವಿಜ್ಞಾನಿಗಳು ಮಳೆಯಲ್ಲಿ ನಿಂತು ಮಾದರಿ ತೆಗೆದರು. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಅಧ್ಯಯನ ತೋರಿಸಿದ್ದು ಏನೆಂದರೆ, ಗಣಿ ಪ್ರದೇಶ ಜಲಾನಯನದ ಸಣ್ಣ ಪಾಲು, ಆದರೆ ಹೊಳೆ ಹೊತ್ತ ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದು. ಇಂಥ ಹೂಳಿನ ಬಹುಪಾಲು ಇಳಿಯುವುದು ವರ್ಷದ ಕೆಲವೇ ಕೆಲವು ಭಾರಿ ಮಳೆಯ ದಿನಗಳಲ್ಲಿ. ಆ ದಿನಗಳನ್ನು ಬಿಟ್ಟು ಬಿಸಿಲಿನಲ್ಲಿ ಹೋಗಿ ಅಳೆದರೆ ಹೊಳೆ ತಿಳಿಯಾಗಿಯೇ ಕಾಣುತ್ತದೆ.

ಈ ಹೂಳು ಎಲ್ಲಿ ಹೋಯಿತು ಎಂದು ನಮ್ಮ ಕಡೆಯ ರೈತರು ಕೇಳಬೇಕು. ಕೆಳಗೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಇದೆ. 186 ಅಡಿಯ, ಸುಮಾರು 71.5 ಟಿಎಂಸಿ ಅಡಿಯ ಜಲಾಶಯ. ದಾವಣಗೆರೆ, ಶಿವಮೊಗ್ಗ ಕಡೆಯ ಭತ್ತ, ತೋಟಗಳ ಬದುಕು ಅದರ ಮೇಲಿದೆ. ನೀರು ನಿಂತಲ್ಲಿ ಮಣ್ಣು ತಳ ಸೇರುತ್ತದೆ. ಬೆಟ್ಟದಿಂದ ಇಳಿದ ಮಣ್ಣು ಅಲ್ಲಿ ತಂಗಿದಷ್ಟೂ ನಮ್ಮ ಬೇಸಿಗೆ ಬೆಳೆಯ ನೀರಿನ ಜಾಗ ಕಡಿಮೆ.

ಗಣಿಯ 30 ವರ್ಷದ ಗುತ್ತಿಗೆ 1999ರ ಜುಲೈನಲ್ಲಿ ಮುಗಿಯಿತು. ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಮುಂದುವರಿಯಿತು. ಮಲೆನಾಡಿನಲ್ಲಿ, ಬಯಲಿನಲ್ಲಿ ವಿರೋಧ ಎದ್ದಿತು. 2001ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಬಂತು. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ತೀರ್ಪಿನಲ್ಲಿ ಕಾಡು, ವನ್ಯಜೀವಿ, ಗುತ್ತಿಗೆ ಎಲ್ಲ ಇದ್ದವು. ಭದ್ರೆಯ ಹೂಳೂ ವಾದದ ಮುಖ್ಯ ಭಾಗವಾಗಿತ್ತು.

ಆದರೆ ಇಲ್ಲಿ ಮಳೆನೀರಿನ ಪ್ರಶ್ನೆಗೆ ಸಿಕ್ಕ ಪರಿಹಾರ ಗಣಿ ಮುಚ್ಚುವುದು. ಕೆಲಸ ನಡೆಯುತ್ತಿರುವಾಗಲೇ ಮಳೆನೀರನ್ನು ಹೇಗೆ ಕಾಯಬೇಕು, ಅದಕ್ಕೆ ಯಾರು ಜವಾಬ್ದಾರಿ ಎಂಬ ಪ್ರಶ್ನೆ ಬಾಕಿ ಉಳಿಯಿತು. ಅದಕ್ಕೆ ಉತ್ತರ ಸಿಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಜಾಗವೂ ಬೇರೆ, ಆ ಹೊತ್ತಿಗೆ ದೇಶಕ್ಕೆಲ್ಲ ಹೆಸರಾಗಿದ್ದ ಬಳ್ಳಾರಿ.

ಮೂರನೇ ಪಾಠ: ಸಂಡೂರಿನ ಚರಂಡಿ

ಬಳ್ಳಾರಿ ಗಣಿ ಎಂದರೆ ನಮಗೆ ನೆನಪಾಗುವುದು ಅಕ್ರಮ, ಲಾರಿ ಸಾಲು, ಲೋಕಾಯುಕ್ತ ವರದಿ, ರಾಜಕೀಯ. ನಮ್ಮ ಡಿಪ್ಲೊಮಾ ಕ್ಲಾಸಿನಲ್ಲೂ ಅದನ್ನೇ ಹೇಳಿಕೊಟ್ಟರು. ಅದೇ ಪ್ರಕರಣದ ಒಳಗೆ ಮಳೆನೀರಿನ ಒಂದು ಅಧ್ಯಾಯ ಇದೆ ಎಂದು ನನಗೂ ಇತ್ತೀಚೆಗೇ ಗೊತ್ತಾದದ್ದು.

2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರು ಬೇರೆ ಯಾರೂ ಅಲ್ಲ, ತುಂಗಭದ್ರೆಯ ಪೈಪಿನ ವಿರುದ್ಧ ಎದ್ದಿದ್ದ ಅದೇ ಸಮಾಜ ಪರಿವರ್ತನ ಸಮುದಾಯ. 2011ರ ಜುಲೈ 29ರಂದು ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ ಮತ್ತು ತುಮಕೂರಿಗೂ ಆ ಆದೇಶ ಹಬ್ಬಿತು. ಗುತ್ತಿಗೆಗಳನ್ನು ಸರ್ವೆ ಮಾಡಿ ಅಕ್ರಮದ ಪ್ರಮಾಣದ ಮೇಲೆ ಎ, ಬಿ, ಸಿ ಎಂದು ಮೂರು ವರ್ಗ ಮಾಡಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಎ ಮತ್ತು ಬಿ ವರ್ಗಕ್ಕೆ ಷರತ್ತಿನ ಮೇಲೆ ಬಾಗಿಲು ತೆರೆಯಿತು.

ಆ ಷರತ್ತುಗಳಲ್ಲಿ ಒಂದು, ಪ್ರತಿ ಗಣಿಗೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಗೆ ಅದರ ಹೊಣೆ ಬಿತ್ತು. ಈ ಯೋಜನೆಗಳಲ್ಲಿ ಬರುವ ಕೆಲಸಗಳನ್ನು ನೋಡಿದರೆ ಹೊಲದ ರೈತನಿಗೂ ಅರ್ಥವಾಗುತ್ತವೆ: ಮಣ್ಣಿನ ಗುಡ್ಡೆಯ ಬುಡಕ್ಕೆ ತಡೆಗೋಡೆ, ಕೊರಕಲುಗಳಿಗೆ ಕಲ್ಲಿನ ತಡೆ, ಹಳ್ಳಕ್ಕೆ ಚೆಕ್‌ಡ್ಯಾಂ, ನೀರು ನಿಂತು ಮಣ್ಣು ಇಳಿಯಲು ಗುಂಡಿ, ಗುಡ್ಡೆಯ ಮೈಮೇಲೆ ಹುಲ್ಲು, ಗಿಡ. ಒಂದೊಂದೂ ಮಳೆನೀರನ್ನು ಕುರಿತದ್ದೇ.

ಇತಿಹಾಸದಲ್ಲಿ ಇದನ್ನು ನಾನು ತಿರುವು ಅನ್ನುತ್ತೇನೆ. 1974ರಲ್ಲಿ ಪೈಪು ಹುಡುಕಿಕೊಂಡು ಹೊರಟ ವ್ಯವಸ್ಥೆ 2013ರಲ್ಲಿ ‘ಮೊದಲು ಮಳೆಯ ಏರ್ಪಾಡು ತೋರಿಸು, ಆಮೇಲೆ ಗಣಿ’ ಎಂದು ಹೇಳುವಷ್ಟು ದೂರ ಬಂತು. ಹತ್ತಿರ ಹತ್ತಿರ ನಲವತ್ತು ವರ್ಷ. ಅದೂ ಮಾಮೂಲಿ ಕಚೇರಿಯ ಕೆಲಸವಾಗಿ ಅಲ್ಲ, ದೇಶದ ಅತಿ ದೊಡ್ಡ ಕೋರ್ಟಿನ ಆದೇಶದಿಂದ, ಅತಿ ದೊಡ್ಡ ಹಗರಣದ ನಂತರ.

ಯಾಕಿಷ್ಟು ಮುಖ್ಯ ಎನ್ನುವವರು ಹೊಸಪೇಟೆಗೆ ಹೋಗಿ ನೋಡಬೇಕು. ತುಂಗಭದ್ರಾ ಅಣೆಕಟ್ಟಿನ ಮೂಲ ಸಾಮರ್ಥ್ಯ ಸುಮಾರು 132 ಟಿಎಂಸಿ ಅಡಿ. ಈಗಿನ ಲೆಕ್ಕ ಸುಮಾರು 105. ಹೂಳು ನುಂಗಿದ್ದು 27 ಟಿಎಂಸಿ ಅಡಿಗೂ ಹತ್ತಿರ. ಇದೆಲ್ಲ ಗಣಿಯ ಮಣ್ಣು ಎಂದು ನಾನು ಹೇಳುತ್ತಿಲ್ಲ. ಕಾಡು ಕಳೆದ ಗುಡ್ಡ, ಬದು ಇಲ್ಲದ ಹೊಲ, ರಸ್ತೆ, ಊರು ಎಲ್ಲದರ ಪಾಲೂ ಅದರಲ್ಲಿದೆ. ಆದರೆ ಎಲ್ಲವೂ ಬಂದದ್ದು ಮಳೆಯ ಜೊತೆಗೆ, ಹಳ್ಳಗಳ ದಾರಿಯಲ್ಲಿ. ಪೈಪಿನಲ್ಲಿ ಬಂದದ್ದಲ್ಲ.

ಕಟ್ಟಡದ ಸೈಟು: ಇನ್ನೂ ಓದದ ಪಾಠ

ಅಮೆರಿಕದಲ್ಲಿಯೂ ಇದೇ ಕಥೆ ನಡೆದಿದೆ. ಅವರ 1972ರ ಶುದ್ಧ ನೀರಿನ ಕಾಯ್ದೆ ಮೊದಲು ಹಿಡಿದದ್ದು ಪೈಪುಗಳನ್ನೇ. 1987ರ ತಿದ್ದುಪಡಿಯಲ್ಲಿ ಮಳೆನೀರು ಬಂತು. 1990ರ ನಿಯಮದಂತೆ ಕಾರ್ಖಾನೆಗಳ ಆವರಣ ಮತ್ತು ಐದು ಎಕರೆ ಮೀರಿದ ಕಟ್ಟಡ ಕೆಲಸಗಳಿಗೆ ಮಳೆನೀರು ಹೊರಬಿಡಲೂ ಪರ್ಮಿಟ್ ಬೇಕಾಯಿತು. 1999ರ ನಿಯಮ ಅದನ್ನು ಒಂದು ಎಕರೆಗೆ ಇಳಿಸಿತು. ಅಂದರೆ ಮನೆ ಲೇಔಟ್ ಮಾಡುವವನೂ ಮಣ್ಣು ಬಗೆಯುವ ಮೊದಲೇ ಮಳೆನೀರಿನ ಯೋಜನೆ ಕೈಯಲ್ಲಿ ಹಿಡಿದಿರಬೇಕು.

ನಮ್ಮಲ್ಲಿ ದೊಡ್ಡ ಕಟ್ಟಡಗಳು ಪರಿಸರ ಅನುಮತಿಯ ವ್ಯಾಪ್ತಿಗೆ ಬಂದದ್ದೇ 2004ರಲ್ಲಿ. 2006ರ ಸೆಪ್ಟೆಂಬರ್ 14ರ ಅಧಿಸೂಚನೆ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ ಆ ಗೆರೆ ಎಳೆಯಿತು. ಬೆಂಗಳೂರಿನಲ್ಲಿ ರಾಜಕಾಲುವೆಯ ಜಗಳ ದೊಡ್ಡದಾಗಿ 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್, ಕಾಲುವೆಗಳಿಂದ 50, 35, 25 ಮೀಟರ್ ಜಾಗ ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಅಲ್ಲಿಯ ಚರ್ಚೆಯೆಲ್ಲ ಎಷ್ಟು ದೂರದಲ್ಲಿ ಕಟ್ಟಬೇಕು ಎಂಬುದರ ಮೇಲೆ. ಕಟ್ಟುತ್ತಿರುವ ಎರಡು ಮೂರು ವರ್ಷ ಆ ಸೈಟಿನಿಂದ ಏನು ಹರಿಯುತ್ತದೆ ಎಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ.

ನಮ್ಮಂಥ ತಾಲ್ಲೂಕುಗಳಲ್ಲಿ ಅದೇ ದೊಡ್ಡ ವಿಷಯ. ಹತ್ತು ಎಕರೆ ಬಗೆದ ಸೈಟಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 10 ಲಕ್ಷ ಲೀಟರ್ ನೀರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನೂರು ಟ್ಯಾಂಕರ್. ಅದರಲ್ಲಿ ಅರ್ಧ ಇಂಗಿದರೂ ಐವತ್ತು ಟ್ಯಾಂಕರ್ ಕೆಸರುನೀರು ಒಂದು ರಾತ್ರಿಯಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಕಾಂಕ್ರೀಟ್ ತೊಳೆದ ನೀರು ಸುಣ್ಣದ ನೀರಿನಂತೆ ಕ್ಷಾರ. ತ್ಯಾಜ್ಯನೀರಿನ ಪಿಎಚ್ 9 ದಾಟಬಾರದು ಎಂದು ಮಾನದಂಡವಿದ್ದರೆ, ಹಸಿ ಸಿಮೆಂಟಿನ ನೀರು 12ರ ಆಸುಪಾಸು ಇರುತ್ತದೆ. ಎತ್ತು ಮೂಸಿ ಹಿಂದೆ ಸರಿದದ್ದು ಸುಮ್ಮನೆ ಅಲ್ಲ.

ಇದರ ಪರಿಹಾರಕ್ಕೆ ದೊಡ್ಡ ಯಂತ್ರ ಬೇಡ. ಸೈಟಿನ ಸುತ್ತ ಬದು, ಕೆಳಮೂಲೆಯಲ್ಲಿ ಗುಂಡಿ, ಮಣ್ಣಿನ ಗುಡ್ಡೆಗೆ ತಾಡಪತ್ರಿ, ಮಿಲ್ಲರ್ ತೊಳೆಯಲು ಪ್ರತ್ಯೇಕ ತೊಟ್ಟಿ, ಮಳೆಗೆ ಮೊದಲು ಬೇಕಾದಷ್ಟೇ ನೆಲ ಬಗೆಯುವುದು. ಅಜ್ಜನ ಹೊಲದಲ್ಲಿ ಕೃಷಿಹೊಂಡ ಇದೆ. ಅದರ ಬಾಯಲ್ಲಿ ಮಣ್ಣು ಇಳಿಯಲಿ ಎಂದು ಸಣ್ಣ ಗುಂಡಿ ತೋಡಿದ್ದಾನೆ. ‘ನನ್ನ ಹೊಂಡಕ್ಕ ಹೂಳು ಬರಬಾರದಂತ ನಾ ಗುಂಡಿ ತೆಗದೀನಿ. ಅವರಿಗೆ ನನ್ನ ಹಳ್ಳದ ಚಿಂತಿ ಯಾಕ ಇರ್ತೈತಿ?’ ಎಂದು ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಚಿಂತೆ ಇಲ್ಲದವರಿಗೆ ಹೇಳುವುದಕ್ಕೇ ಕಾನೂನು ಇರುವುದು.

ಮಳೆಯಲ್ಲಿ ಹೋಗಬೇಕು

ಒಂದು ತೊಡಕು ಮಾತ್ರ ನಿಜವಾದದ್ದು. ಕಾಯ್ದೆಯ 21ನೇ ಕಲಮಿನ ಪ್ರಕಾರ ಕೋರ್ಟಿನಲ್ಲಿ ನಿಲ್ಲುವ ಸ್ಯಾಂಪಲ್ ಬೇಕಾದರೆ ಅಧಿಕಾರಿಯೇ ತೆಗೆಯಬೇಕು, ಆವರಣದವರಿಗೆ ನೋಟಿಸ್ ಕೊಡಬೇಕು, ಅವರ ಮುಂದೆ ಎರಡು ಭಾಗ ಮಾಡಿ ಸೀಲ್ ಹಾಕಬೇಕು. ಅಜ್ಜ ಬಾಟಲಿಯಲ್ಲಿ ತುಂಬಿಟ್ಟ ನೀರು ಸಾಕ್ಷಿಯಲ್ಲ. ವರ್ಷವಿಡೀ ಹರಿಯುವ ಪೈಪಿಗೆ ಈ ವಿಧಾನ ಸರಿ. ರಾತ್ರಿ ಎರಡಕ್ಕೆ ಬಂದು ಬೆಳಿಗ್ಗೆ ಹತ್ತಕ್ಕೆ ಇಲ್ಲವಾಗುವ ಹಳ್ಳದ ನೀರಿಗೆ ಕಷ್ಟ. ಹಾಗಂತ ದಾರಿಯೇ ಇಲ್ಲ ಎಂದಲ್ಲ. 1988ರ ತಿದ್ದುಪಡಿಯ ನಂತರ ಯಾವ ನಾಗರಿಕನೂ 60 ದಿನದ ನೋಟಿಸ್ ಕೊಟ್ಟು ಕೋರ್ಟಿಗೆ ದೂರು ಒಯ್ಯಬಹುದು. ಸ್ಯಾಂಪಲ್ ಇಲ್ಲದಿದ್ದರೂ ಷರತ್ತು ಪಾಲಿಸಿದ್ದಾರೋ ಇಲ್ಲವೋ ಎಂಬುದನ್ನು ಬಿಸಿಲಿನಲ್ಲೂ ಹೋಗಿ ಕಣ್ಣಾರೆ ನೋಡಬಹುದು. ಗುಂಡಿ ಇದೆಯೋ ಇಲ್ಲವೋ ಎನ್ನಲು ಲ್ಯಾಬ್ ಬೇಡ.

ನಾನು ಕೊನೆಗೆ ಮಾಡಿದ್ದು ಅದನ್ನೇ. ಆ ಸೈಟಿಗೆ ಕೊಟ್ಟ ಸಮ್ಮತಿ ಪತ್ರದ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಬಂತು. ಮಳೆನೀರಿನ ಚರಂಡಿಯನ್ನು ತ್ಯಾಜ್ಯನೀರಿನಿಂದ ಬೇರೆ ಇಡಬೇಕು, ಮಣ್ಣು ಹೊರಗೆ ಹರಿಯದಂತೆ ನೋಡಿಕೊಳ್ಳಬೇಕು ಎಂಬ ಸಾಲು ಅದರಲ್ಲಿ ಮೊದಲಿನಿಂದಲೂ ಇತ್ತು. ನನ್ನ ಆರು ಸಾಲಿನ ಸುದ್ದಿ ಬರೆಯುವಾಗಲೂ ಇತ್ತು. ಕೇಳಿದವರಿರಲಿಲ್ಲ, ನಾನೂ ಕೇಳಿರಲಿಲ್ಲ.

ಮುಂದಿನ ಮಳೆಗೆ ಬೆಳಗಿನ ಜಾವ ನಾಲ್ಕಕ್ಕೆ ಅಜ್ಜನ ಫೋನು ಬಂದಾಗ ಸಭೆ ಗಿಭೆ ನೋಡಲಿಲ್ಲ, ಬೈಕ್ ಹತ್ತಿದೆ. ಸೈಟಿನ ಅಂಚಿನಿಂದ ಹಳ್ಳದವರೆಗೆ ಹರಿವಿನ ಜೊತೆಗೇ ನಡೆದು ಸಮಯ ಸಹಿತ ಫೋಟೊ, ವಿಡಿಯೊ ತೆಗೆದೆ. ಸಮ್ಮತಿ ಪತ್ರದ ಸಾಲು, ಎರಡನೇ ಕಲಮಿನ ಸಾಲು, ಫೋಟೊ ಮೂರನ್ನೂ ಜೊತೆಗಿಟ್ಟು ಬರೆದ ಸುದ್ದಿ ಮೂರು ಕಾಲಂ ಬಂತು. ನೋಟಿಸ್ ಹೋಯಿತು. ಸೈಟಿನವರು ಬದು ಹಾಕಿಸಿ ಕೆಳಮೂಲೆಯಲ್ಲಿ ಒಂದು ಗುಂಡಿ ತೋಡಿಸಿದರು.

ಮೊನ್ನೆ ಹೋಗಿದ್ದೆ. ಹಳ್ಳದಲ್ಲಿ ಹರಿಯುತ್ತಿದ್ದುದು ಮಾಮೂಲಿ ಕೆಂಪು ಹೊಸನೀರು, ಬೂದು ಇರಲಿಲ್ಲ. ಎತ್ತು ಕುಡಿಯುತ್ತಿದ್ದವು. ಅಜ್ಜ ಸುಮ್ಮನೆ ನನ್ನನ್ನು ಗುಂಡಿಯ ಹತ್ತಿರ ಕರೆದುಕೊಂಡು ಹೋದ. ಎರಡು ಮಳೆಗೇ ಅದು ಮುಕ್ಕಾಲು ತುಂಬಿತ್ತು.

‘ಇದನ್ನ ಯಾರು ತೆಗಸ್ತಾರ, ತಮ್ಮಾ? ಅದೂ ನಿನ್ನ ಕಾಗದದಾಗ ಬರದೈತೇನು ನೋಡು.’

ನೋಡಿದೆ. ಬರೆದಿದೆ. ಈ ವಾರದ ನನ್ನ ಸುದ್ದಿ ಅದೇ.